ಬಾವಿ ಅಂದರ ಭೂಮಿಯ ಬಾಯಿಯೇನು? ಬಾಯಿ, ಬಾಈ, ಭಾಯಿ, ಬಾವಡಿಗಳ ಜಗಳ

ಗಡಿನುಡಿ, ಬೆಳಗಾವಿ

ಮರಾಠಿಯಲ್ಲಿರುವ ಹಳೇ ಹೆಸರಿನ ಪಟ್ಟಿ, ಜಮೀನಿನ ಕಾಗದಗಳನ್ನು ಕನ್ನಡಕ್ಕೆ ಇಳಿಸುವಾಗ ಅತಿ ಹೆಚ್ಚು ಕಾಟ ಕೊಡುವ ಮಾತು ಯಾವುದೆಂದರೆ ಉದ್ದನೆಯ ಕಂದಾಯದ ಶಬ್ದವಲ್ಲ, ಎರಡೇ ಅಕ್ಷರದ 'ಬಾಯಿ'. ಹೆಂಗಸರ ಹೆಸರಿನ ಕೊನೆಗೆ ಬರುತ್ತದೆ, ಹೊಲದ ಹೆಸರಿನಲ್ಲಿ ಬರುತ್ತದೆ, ಗಂಡಸರ ಹೆಸರಿನಲ್ಲೂ (ಭಾಯಿ) ಬರುತ್ತದೆ. ಚರ್ಚೆಗೆ ಮೂರು ಪ್ರಶ್ನೆ ಇಡುತ್ತೇನೆ. ಬಾವಿ ಎಂಬುದು ಬಾಯಿಯಿಂದ ಹುಟ್ಟಿತೇ? ಲಕ್ಷ್ಮೀಬಾಯಿಯ 'ಬಾಯಿ'ಗೂ ನಮ್ಮ ಮುಖದ ಬಾಯಿಗೂ ಸಂಬಂಧ ಇದೆಯೇ? ಇವೆಲ್ಲ ಬೇರೆ ಬೇರೆ ಎಂದಾದರೆ ಬರೆಯುವಾಗ ಬೇರೆ ಮಾಡುವ ದಾರಿ ಏನು?

ನಂಬಿಕೆ ಬೇಡ, ಪುರಾವೆ ಬೇಕು.

ಹಗೇವು, ವಿಜಯಪುರ

ಮೊದಲನೇದಕ್ಕ ಪುರಾವೆ ಯಾಕ ಬೇಕ್ರಿ? ಬಾವಿ ಅಂದ್ರ ಭೂಮಿ ಬಾಯಿ. ನಮ್ಮ ಕಡೆ ತೆರಕೊಂಡಿದ್ದಕ್ಕೆಲ್ಲಾ ಬಾಯಿ ಅಂತಾರ. ಚೀಲದ ಬಾಯಿ, ಕೊಡದ ಬಾಯಿ, ಹುಣ್ಣಿನ ಬಾಯಿ. ಜ್ವಾಳ ಇಡೂ ಹಗೇವು ನೋಡ್ರಿ. ಒಳಗ ಹೊಟ್ಟಿ ದೊಡ್ಡದು, ಮ್ಯಾಲ ಬಾಯಿ ಒಬ್ಬಾಂವ ಇಳಿಯೂವಷ್ಟ ಸಣ್ಣದು. ಜ್ವಾಳ ತುಂಬಿ, ಬಾಯಿ ಮ್ಯಾಲ ಹಾಸಗಲ್ಲ ಮುಚ್ಚಿ, ಮಣ್ಣ ಮೆತ್ತತಾರ. ತೆಗೆಯೂ ದಿನಾ ಬಾಯಿ ತೆರೆದ ಕೂಡಲೇ ಯಾರೂ ಇಳಿಯಾಂಗಿಲ್ಲ. ಕಾಳು ಒಳಗ ಉಸಿರಾಡಿ ಕೆಟ್ಟ ಗಾಳಿ ತುಂಬಿರತದ. ದೀಪ ಹಗ್ಗಕ್ಕ ಕಟ್ಟಿ ಇಳಿಸತಾರ, ಆರಿತಂದ್ರ ಗಾಳಿ ಆಡೂತನಕಾ ಕಾಯಬೇಕು. ಕಾಯದ ಇಳಿದವರು ಒಳಗ ಸತ್ತಾರ. ಕಾಳಿನ ಕುಣಿಗೆ ಬಾಯಿ ಇದ್ರ, ನೀರಿನ ಕುಣಿಗೆ ಬಾವಿ.

ಪದಮೂಲ, ಬಾಗಲಕೋಟೆ

ಹಗೇವಿನ ಬಾಯಿ ಸರಿ, ಅದು ಅಪ್ಪಟ ಕನ್ನಡ 'ಬಾಯಿ'ಯೇ. ಕೊಡಲಿ, ಕುಡಗೋಲುಗಳ ಹರಿತವಾದ ಅಂಚಿಗೂ ಬಾಯಿ ಅನ್ನುವುದುಂಟು, ತಮಿಳಿನ 'ವಾಯ್'ಗೂ ಆ ಅರ್ಥ ಇದೆ. ಬಾವಿ ಮಾತ್ರ ಈ ಮನೆಯದಲ್ಲ.

ಮೊದಲನೇ ಅಡ್ಡಿ: ಬಾಯಿಯಿಂದ ಬಾವಿ ಆಗಬೇಕಾದರೆ 'ಯ' ಹೋಗಿ 'ವ' ಬರಬೇಕು. ಕನ್ನಡದಲ್ಲಿ ಅಂಥ ನಡೆ ಇಲ್ಲ. ತಾಯಿ 'ತಾವಿ' ಆಗಿಲ್ಲ, ನಾಯಿ 'ನಾವಿ' ಆಗಿಲ್ಲ. ಒಂದೇ ಮಾತಿಗೆ ಅನ್ವಯಿಸುವ ನಿಯಮವನ್ನು ನಿಯಮ ಅನ್ನಲಾಗದು.

ಎರಡನೆಯದು: ಸಂಸ್ಕೃತದ 'ವಾಪೀ' (ಕೊಳ, ಮೆಟ್ಟಿಲಬಾವಿ) ಕೈಗೆ ಸಿಗುವಷ್ಟು ಹತ್ತಿರ ನಿಂತಿದೆ, ಅಲ್ಲಿಂದ ಬಾವಿಗೆ ಬರುವ ದಾರಿಯ ಎರಡೂ ಹೆಜ್ಜೆಗಳು ಬೇರೆ ಮಾತುಗಳಲ್ಲೂ ಕಾಣುತ್ತವೆ. ಪದದ ಮೊದಲಿನ ವ ಬ ಆಗುತ್ತದೆ: ವನ–ಬನ, ವರ್ಣ–ಬಣ್ಣ, ವೀಥಿ–ಬೀದಿ, ವಂಧ್ಯೆ–ಬಂಜೆ. ನಡುವಿನ ಪ ವ ಆಗುತ್ತದೆ: ದೀಪಿಕೆ–ದೀವಿಗೆ, ಕಪಿಲೆ–ಕವಿಲೆ. ಎರಡನ್ನೂ ವಾಪಿಗೆ ಹಚ್ಚಿದರೆ ಬಾವಿ ತಾನಾಗಿ ಬರುತ್ತದೆ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ತದ್ಭವಗಳಿಗೆಂದೇ ಒಂದು ಪ್ರಕರಣ ಇಟ್ಟಿದ್ದಾನೆ. ಅಂದರೆ ಇದು ಈಗಿನವರ ಊಹೆಯಲ್ಲ, ನಮ್ಮ ವ್ಯಾಕರಣದ ಹಳೇ ತಿಳಿವಳಿಕೆ.

ಮೂರನೆಯದು ನನಗೆ ಎಲ್ಲಕ್ಕಿಂತ ಗಟ್ಟಿ ಅನಿಸುತ್ತದೆ. ಬಾವಿಯ ಬಳಗ ಕನ್ನಡದ ಗಾಳಿ ತಾಗದ ಕಡೆಗೆಲ್ಲ ಹಬ್ಬಿದೆ. ಗುಜರಾತಿಯಲ್ಲಿ 'ವಾವ್' (ಪಾಟಣದ 11ನೇ ಶತಮಾನದ ರಾಣೀ ಕೀ ವಾವ್), ರಾಜಸ್ಥಾನದಲ್ಲಿ 'ಬಾವಡೀ', ದಿಲ್ಲಿ ಕಡೆ 'ಬಾವ್ಲೀ', ತಮಿಳಿನಲ್ಲಿ 'ವಾವಿ', ಸಿಂಹಳದಲ್ಲಿ 'ವೆವ'. ಶ್ರೀಲಂಕಾದಲ್ಲಿ ಆ ಮಾತು ಬಾವಿಗಲ್ಲ, ಏರಿ ಕಟ್ಟಿದ ದೊಡ್ಡ ದೊಡ್ಡ ಕೆರೆಗಳಿಗೆ. ಮುಖದ ಬಾಯಿಗೆ 'ಬಾಯಿ' ಅನ್ನದ ಗುಜರಾತಿನವರು ಭೂಮಿಯ ಬಾಯಿಯಿಂದ ವಾವ್ ಮಾಡಿಕೊಂಡರು ಎನ್ನಲು ಬರುವುದಿಲ್ಲ.

ಹಗೇವು

ಹಂಗಾದ್ರ ತೆಲಂಗಾಣದಾಗ ಬಾವಿಗೆ ನೇರ 'ಬಾಯಿ' ಅಂತಾರಲ್ಲ? 'ಬಾಯಿಕಾಡ' ಅಂದ್ರ ಬಾವಿ ಹತ್ತಿರ. ಸಿಂಗರೇಣಿ ಕಡೆ ಕಲ್ಲಿದ್ದಲ ಗಣಿಗೆ 'ಬೊಗ್ಗುಬಾಯಿ'. ಅಲ್ಲಿ ಬಾಯಿ ಮತ್ತ ಬಾವಿ ಒಂದ ಆಗೇತಲ್ಲ.

ಪದಮೂಲ

ಒಂದೇ ಆದಂತೆ ಕಾಣುವುದು ನಮ್ಮ ಕಿವಿಗೆ, ಅವರ ಕಿವಿಗಲ್ಲ. ತೆಲುಗಿನಲ್ಲಿ ದಿನಬಳಕೆಯಲ್ಲಿ ಮುಖದ ಬಾಯಿಗೆ 'ನೋರು' ಅನ್ನುತ್ತಾರೆ. ಆದ್ದರಿಂದ 'ಬಾವಿ' ಮಾತಿನಲ್ಲಿ ಸವೆದು 'ಬಾಯಿ' ಆದರೂ ಅಲ್ಲಿ ಯಾರಿಗೂ ಗೊಂದಲ ಇಲ್ಲ, ಆ ಜಾಗ ಖಾಲಿ ಇತ್ತು. ಕನ್ನಡದಲ್ಲಿ ಆ ಜಾಗದಲ್ಲಿ ಮುಖದ ಬಾಯಿ ಕೂತಿದೆ. ವಿಜಯಪುರದ ಮಾತಿನಲ್ಲೇ ನೋಡಿ: 'ಬಾಯಾಗ ಬಿತ್ತು' ಅಂದರೆ ಒಂದು, 'ಬಾವ್ಯಾಗ ಬಿತ್ತು' ಅಂದರೆ ಇನ್ನೊಂದು. ಈ 'ವ್ಯಾ'ವನ್ನು ನಿಮ್ಮ ಊರಿನವರು ಅವಸರದಲ್ಲೂ ಬಿಡುವುದಿಲ್ಲ.

ಬಾವಡಿಕಟ್ಟೆ, ವಿಜಯಪುರ

ಬಾವಿ ಮಾತು ಬಂದಮೇಲೆ ಊರಿನ ಎರಡು ಬಾವಡಿ ಬಿಡಲಿಕ್ಕೆ ಆಗುವುದಿಲ್ಲ. 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ. ಮೊದಲನೆಯದು ಒಂದನೇ ಅಲಿ ಆದಿಲ್‌ಶಾಹನ ಕಾಲದ್ದು, ಎರಡನೆಯದು ಎರಡನೇ ಇಬ್ರಾಹಿಂನ ಕಾಲದ್ದು. ಜನರ ಬಾಯಲ್ಲಿ ಈಗ 'ಬೌಡಿ'.

ಈ 'ಬಾವಡಿ'ಯನ್ನು ಕನ್ನಡದ 'ಬಾವಿ'ಗೆ 'ಡಿ' ಹಚ್ಚಿ ಮಾಡಿದ್ದು ಎಂದು ಹೇಳುವವರಿದ್ದಾರೆ. ಅಲ್ಲ. ಹಿಂದಿ, ರಾಜಸ್ಥಾನಿಗಳಲ್ಲಿ ಹೆಸರಿಗೆ 'ಡಾ, ಡೀ' ಸೇರಿಸುವ ರೂಢಿ ಹಳೆಯದು, ಬಾವಡೀ ಆ ಸಾಲಿನದು. ವ ಬ ಆಗುವುದು ಕನ್ನಡದ ಸ್ವತ್ತೂ ಅಲ್ಲ, ಹಿಂದಿಯಲ್ಲೂ ಆಗುತ್ತದೆ. ಮರಾಠಿಯಲ್ಲಿ ಆಗುವುದಿಲ್ಲ. ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ: ಮರಾಠಿ ವಾಘ, ಹಿಂದಿ ಬಾಘ್. ಮರಾಠಿ ವೀಸ, ಹಿಂದಿ ಬೀಸ್. ಮರಾಠಿ ವಾಟ, ಹಿಂದಿ ಬಾಟ್. ಹಾಗಾಗಿ 'ಬಾವಡಿ' ನಮಗೆ ದಖನಿಯ (ಇಲ್ಲಿನ ಉರ್ದುವಿನ) ಕಡೆಯಿಂದ ಬಂತು, 'ಬಾವಿ' ಕನ್ನಡದ ಒಳಗೇ ಆಯಿತು. ತಾಯಿ ಒಬ್ಬಳೇ, ಬಂದ ದಾರಿ ಎರಡು. ಮರಾಠಿಯ ದಿನಬಳಕೆಯಲ್ಲಿ ಬಾವಿಗೆ 'ವಿಹೀರ' ಅನ್ನುತ್ತಾರೆ, ಅದು ಬೇರೆಯೇ ಮಾತು. ಗಡಿನುಡಿಯವರಿಗೆ ಈ ಕೊನೆಯ ಸಂಗತಿ ಮುಂದೆ ಉಪಯೋಗಕ್ಕೆ ಬಂದೀತು.

ಮಲಪ್ರಭಾ, ಬಾಗಲಕೋಟೆ

ವ–ಬ, ಪ–ವ ಎರಡೂ ಒಟ್ಟಿಗೆ ನೋಡಬೇಕೆಂದರೆ ಬಾದಾಮಿಗಿಂತ ಒಳ್ಳೆ ಉದಾಹರಣೆ ಇಲ್ಲ. ವಾತಾಪಿ, ಬಾದಾವಿ, ಬಾದಾಮಿ. ಮೊದಲ ವ ಬ ಆಗಿದೆ, ತ ದ ಆಗಿದೆ, ಪ ವ ಆಗಿ ಮುಂದೆ ಮ ಆಗಿದೆ. ತಿನ್ನುವ ಬಾದಾಮಿಗೂ ಇದಕ್ಕೂ ಸಂಬಂಧ ಇಲ್ಲ, ಅದು ಪಾರಸಿಯ 'ಬಾದಾಮ್'. ವಿಜಯಪುರ–ಬಿಜಾಪುರ, ವೇಣುಗ್ರಾಮ–ಬೆಳಗಾವಿ ಸೇರಿಸಿಕೊಂಡರೆ ನಮ್ಮ ಮೂರೂ ಜಿಲ್ಲೆಯ ನೆಲದ ಮೇಲೆ ವ–ಬ ಬರೆದಿಟ್ಟಂತಿದೆ.

ಪದಮೂಲ

ಬಾದಾಮಿಯ ವಿಷಯದಲ್ಲಿ ಬಾಣದ ಗುರುತನ್ನು ಒಂದೇ ಕಡೆ ಎಳೆಯಬೇಡಿ. 2ನೇ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿ ಈ ಊರನ್ನು 'ಬಡಿಯಾಮೈ' ಎಂಬಂಥ ರೂಪದಲ್ಲಿ ಹೆಸರಿಸಿದ್ದಾನೆ ಎಂದು ವಿದ್ವಾಂಸರು ಗುರುತಿಸುತ್ತಾರೆ. ಒಂದನೇ ಪುಲಕೇಶಿಯ ಕೋಟೆಯ ಶಾಸನ 543ರದ್ದು. ಜನರ ಬಾಯಲ್ಲಿದ್ದ 'ಬಾದಾವಿ'ಯನ್ನೇ ಪಂಡಿತರು ವಾತಾಪಿ ಎಂದು ಸಂಸ್ಕೃತಕ್ಕೆ ತಿದ್ದಿರಬಹುದು. ಯಾವುದು ಮೊದಲಾದರೂ ವ–ಬ, ಪ–ವ ಜೋಡಿ ಹಾಗೇ ನಿಲ್ಲುತ್ತದೆ, ಹಿಂದುಮುಂದಾಗಿ ಅಷ್ಟೇ. ಇನ್ನು ಬಿಜಾಪುರದ 'ಬಿ' ದಖನಿಯ ಕೈಗುಣವೂ ಆಗಿರಬಹುದು. ಊರ ಹೆಸರನ್ನು ಸಾಕ್ಷಿಗೆ ಕರೆಯುವುದು ಕೊನೆಗೆ, ಮೊದಲು ಸಾಮಾನ್ಯ ಶಬ್ದಗಳು ಮಾತಾಡಲಿ.

ವ–ಬ ಎಷ್ಟು ಹಳೆಯದು ಎಂದು ಕೇಳುವವರಿಗೆ: ಸುಮಾರು 450ರ ಹಲ್ಮಿಡಿ ಶಾಸನದಲ್ಲೇ 'ಬಾಳ್ಗಳ್ಚು' ಇದೆ. ಅಲ್ಲಿನ 'ಬಾಳ್' ಅಂದರೆ ಕತ್ತಿ, ತಮಿಳಿನಲ್ಲಿ ಅದು 'ವಾಳ್'.

ಖಾನಾಪುರದಾಂವ

ಕೊಂಕಣಿಯದ್ದೂ ಸೇರಿಸಿರಿ. ಖಾನಾಪುರದ ಕಾಡಿನ ಕಡೆ, ಮುಂದೆ ಗೋವಾಕ್ಕೆ ಇಳಿದರೆ, ಬಾವಿಗೆ 'ಬಾಂಯ್', ಮೂಗಿನಿಂದ. ಹೆಣ್ಣುಮಗಳನ್ನು ಕರೆಯುವುದು 'ಬಾಯ್', ಮೂಗಿಲ್ಲದೆ. ಒಂದು ಸೊನ್ನೆ ಬಿಟ್ಟರೆ ಬಾವಿ ಹೋಗಿ ಹುಡುಗಿ ಬರುತ್ತಾಳೆ. ಕನ್ನಡದಲ್ಲಿ ಬರೆದುಕೊಳ್ಳುವವರು ಹತ್ತರಲ್ಲಿ ಎಂಟು ಸಲ ಆ ಸೊನ್ನೆ ಬಿಟ್ಟಿರುತ್ತಾರೆ ಅಂತ ಇಟ್ಟುಕೊಂಡೇ ಓದಬೇಕು.

ಟಿಳಕವಾಡಿ ಓದುಗ, ಬೆಳಗಾವಿ

ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಮರಾಠಿಯ ಮಾತು ನಿಜಕ್ಕೆ 'ಬಾಈ'. ಬಾ ಆದಮೇಲೆ ದೀರ್ಘ ಈ, ನಡುವೆ ಯಕಾರ ಇಲ್ಲ. ಅರ್ಥ ಹೆಂಗಸು, ಅಮ್ಮಣ್ಣಿ, ಒಡತಿ. ಇದು ಸಂಸ್ಕೃತದ ಯಾವ ಧಾತುವಿಗೂ ನೇರ ಕಟ್ಟಲು ಬಾರದ ಮಾತು. ಆಈ, ಬಾಬಾ, ಅಕ್ಕಾ ಇವುಗಳ ಹಾಗೆ ಮನೆಯೊಳಗಿನ ಕರೆಯುವ ಮಾತುಗಳ ಗುಂಪಿನದು ಎಂದರೆ ಸಾಕು. ಮುಖದ ಬಾಯಿಗೆ ಮರಾಠಿಯಲ್ಲಿ 'ತೋಂಡ', ಆದ್ದರಿಂದ ಅವರಿಗೆ ಗೊಂದಲವೇ ಇಲ್ಲ.

ಬಳಕೆ ಮಾತ್ರ ಊರೂರಿಗೆ ತಿರುಗುತ್ತದೆ. ಮರಾಠಿ ಶಾಲೆಯಲ್ಲಿ ಬಾಈ ಅಂದರೆ ಮೇಡಂ. ಮುಂಬಯಿಯ ಹಿಂದಿಯಲ್ಲಿ ಮನೆಗೆಲಸದವಳು. ರಾಜಸ್ಥಾನದಲ್ಲಿ ಮನೆಮಗಳು, ಅಕ್ಕತಂಗಿ. ಉತ್ತರದ ಹಿಂದೂಸ್ಥಾನಿ ಸಂಗೀತದ ಲೋಕದಲ್ಲಿ ಹಾಡುವ ಹೆಂಗಸಿನ ಹೆಸರಿಗೆ ಹತ್ತುವ ಬಿರುದು. ಮರ್ಯಾದೆಯ ಒಂದೇ ಮಾತು ಒಂದು ಕಡೆ ಅಹಲ್ಯಾಬಾಈ ಹೋಳ್ಕರರ ಹೆಸರಲ್ಲಿದೆ, ಇನ್ನೊಂದು ಕಡೆ 'ಇವತ್ತ ಬಾಯಿ ಬಂದಿಲ್ಲ, ಪಾತ್ರೆ ಹಂಗೇ ಅದಾವ' ಎಂಬಲ್ಲಿದೆ. ಬೆಳಗಾವಿಯಲ್ಲಿ ಎರಡೂ ಕೇಳುತ್ತವೆ.

ಕನ್ನಡದ ಹೆಣ್ಣುಮಕ್ಕಳ ಹೆಸರಿಗೆ ಇಲ್ಲಿ ಹಳೆಯ ಅಂಟು 'ಅವ್ವ': ಗಂಗವ್ವ, ಯಲ್ಲವ್ವ, ನೀಲವ್ವ. ಮುಂಬಯಿ ಪ್ರಾಂತದ ಕಾಲದ ಕಾಗದಪತ್ರ ಮರಾಠಿಯಲ್ಲಿ ನಡೆದ ಕಡೆ ಅದೇ ಹೆಂಗಸು ಗಂಗೂಬಾಈ, ಯಲ್ಲೂಬಾಈ ಆಗಿರುತ್ತಾಳೆ. ಇಬ್ಬರು ಬೇರೆ ಬೇರೆ ಎಂದು ತಿಳಿದು ವಂಶಾವಳಿಯಲ್ಲಿ ಒಂದು ಕೊಂಡಿ ಹೆಚ್ಚು ಸೇರಿಸುವವರೂ ಇದ್ದಾರೆ. ಗಂಡನ ಹೆಸರು, ಸರ್ವೆ ನಂಬರು ತಾಳೆ ನೋಡದೆ ಹೆಸರೊಂದನ್ನೇ ನಂಬಬಾರದು.

ವ್ಯಾಕರಣದ ಹುಳ

ಈಗ ಅಸಲು ಸಂಗತಿ. ಮೂರು ಮಾತುಗಳ ಕೊನೆಯ 'ಇ' ಮೂರು ತರದ್ದು.

ಮುಖದ ಬಾಯಿ ಹಳಗನ್ನಡದಲ್ಲಿ 'ಬಾಯ್', ವ್ಯಂಜನಕ್ಕೇ ಮುಗಿಯುತ್ತದೆ. ತಾಯ್, ನಾಯ್, ಕಾಯ್ ಕೂಡ ಹಾಗೇ. ಮುಂದೆ ಕನ್ನಡಿಗರು ವ್ಯಂಜನಕ್ಕೆ ಮಾತು ನಿಲ್ಲಿಸುವುದನ್ನು ಬಿಟ್ಟರು. ಕಲ್ ಕಲ್ಲು ಆಯಿತು, ಕಣ್ ಕಣ್ಣು ಆಯಿತು. ಯಕಾರದ ಮುಂದೆ ಮಾತ್ರ ಉ ಬದಲು ಇ ಹತ್ತಿತು. ಅಂದರೆ ಬಾಯಿಯ 'ಇ' ನಾಲಿಗೆಯ ಅನುಕೂಲಕ್ಕೆ ಬಂದದ್ದು, ಮಾತಿನ ಒಡಲಿನದಲ್ಲ. ಅದಕ್ಕೇ ಸಮಾಸದಲ್ಲಿ ಉದುರುತ್ತದೆ: ಬಾಯ್ಬಡಕ, ಬಾಯಾರಿಕೆ (ಬಾಯ್ ಆರುವುದು).

ಬಾವಿಯ 'ಇ' ವಾಪೀ ಎಂಬ ಸ್ತ್ರೀಲಿಂಗದ ಈ, ಗಿಡ್ಡವಾಗಿದೆ. ಬಾಈಯ 'ಈ' ಆ ಮಾತಿನ ಅರ್ಧ ಒಡಲು. ಕನ್ನಡಕ್ಕೆ ಎರಡು ಸ್ವರ ಒತ್ತೊತ್ತಿಗೆ ಕೂರುವುದು ಒಗ್ಗದು, ಯಕಾರಾಗಮ ಮಾಡುತ್ತೇವೆ. ಬಾ+ಈ 'ಬಾಯೀ' ಆಗಿ, ಈ ಗಿಡ್ಡವಾಗಿ 'ಬಾಯಿ'. ಹೀಗೆ ಮರಾಠಿಯ ಹೆಂಗಸು ಬಂದು ಕನ್ನಡದ ಮುಖದ ಬಾಯಿಯ ಮೇಲೆಯೇ ಕೂತಳು. ಇದು ಬರಹದ ಆಕಸ್ಮಿಕ, ನೆಂಟಸ್ತನ ಅಲ್ಲ.

ಗುರುತು ಹಿಡಿಯಲು ವಿಭಕ್ತಿ ಹಚ್ಚಿ ನೋಡಿ. ಬಾಯಾಗ ಹುಣ್ಣು. ಬಾವ್ಯಾಗ ನೀರು. ಹೆಂಗಸಿಗೆ 'ಬಾಯಾಗ' ನಡೆಯುವುದೇ ಇಲ್ಲ, 'ಬಾಯಾರ ಕಡೆ' ಅನ್ನಬೇಕು. ಬಹುವಚನದಲ್ಲೂ ಹಾಗೇ: ಬಾಯಿಗಳು, ಬಾವಿಗಳು, ಬಾಯಾರು. 'ಬಾಯಾರಿಗೆ ಬಾಯಾರಿಕೆ ಆಗೇದ' ಎಂಬ ವಾಕ್ಯದಲ್ಲಿ ಮೊದಲನೆಯದು ಬಾಈ ಅವರಿಗೆ, ಎರಡನೆಯದು ಬಾಯ್ ಆರಿದ್ದು. ಎರಡಕ್ಕೂ ರಕ್ತಸಂಬಂಧ ಇಲ್ಲ.

ಹೊಸಬ

ಚೀನೀ ಭಾಷೆಯಲ್ಲೂ 'ಬಾಯ್' ಅಂದರೆ ಬಿಳಿ ಅಂತೆ, ನಮ್ಮ 'ಬಿಳಿ'ಯೂ ಬ ದಿಂದಲೇ. ಬಾಗಿಲು ಕೂಡ ಬಾಯಿಯಿಂದ ಬಂದದ್ದಲ್ಲವೇ?

ಪದಮೂಲ

ಚೀನೀಯದು ಬಿಡಿ. ಒಂದೇ ಒಂದು ಅಕ್ಷರ ಹೊಂದುವ ಮಾತು ಯಾವ ಎರಡು ಭಾಷೆಯಲ್ಲಾದರೂ ಸಿಗುತ್ತದೆ. ನಮ್ಮ 'ಬಿಳಿ'ಗೆ ತಮಿಳಿನಲ್ಲಿ 'ವೆಳ್' ಇದೆ, ಅಂದರೆ ಅದರ ಬ ಕೂಡ ಹಿಂದೆ ವ.

ಬಾಗಿಲು ಕೇಳಬೇಕಾದ ಪ್ರಶ್ನೆಯೇ. ತಮಿಳಿನ 'ವಾಯಿಲ್' ನೋಡಿ, ವಾಯ್ + ಇಲ್, ಮನೆಯ ಬಾಯಿ ಎಂದು ಬಿಡಿಸುತ್ತಾರೆ. ಕೇಳಲು ಚಂದ. ಕನ್ನಡದ ಬಾಗಿಲಿನಲ್ಲಿ 'ಗ' ಇದೆ, ತೆಲುಗಿನ ವಾಕಿಲಿಯಲ್ಲಿ 'ಕ' ಇದೆ. ವಾಯ್ ಒಳಗಿಂದ ಕ, ಗ ಹುಟ್ಟಿಸಲು ದಾರಿ ಕಾಣದು. ನಡುವಿನ ಕಕಾರ ತಮಿಳಿನಲ್ಲಿ ಸವೆದು ಯ ಆಗಿ, ಆಮೇಲೆ 'ವಾಯ್' ನೆನಪಾಗಿದೆ ಎಂದು ಓದುವುದೇ ನನಗೆ ಹೆಚ್ಚು ಸರಿ ಕಾಣುತ್ತದೆ. ಬಾಗಿಲನ್ನು ಈ ಪಟ್ಟಿಗೆ ಸೇರಿಸುವುದಿಲ್ಲ.

ಮುಖದ ಬಾಯಿಯ ನಿಜವಾದ ನೆಂಟರು ಎಷ್ಟು ದೂರ ಇದ್ದಾರೆ ಗೊತ್ತೇ? ತಮಿಳು ವಾಯ್, ಮಲಯಾಳ ವಾಯ್, ತುಳು ಬಾಯಿ ಇರಲಿ. ಝಾರ್ಖಂಡದ ಕುಡುಖ್ ಭಾಷೆಯಲ್ಲಿ 'ಬಈ', ಬಲೂಚಿಸ್ತಾನದ ಬ್ರಾಹುಈಯಲ್ಲಿ 'ಬಾ'. ಅಲ್ಲೂ ಮೊದಲ ವ ಬ ಆಗಿದೆ, ನಮ್ಮನ್ನು ಕೇಳದೆ. ಝಾರ್ಖಂಡದಲ್ಲಿ ಸುತ್ತಲಿನ ಹಿಂದಿಯವರ 'ಬಾಈ' ಹೆಂಗಸು, ಕುಡುಖರ 'ಬಈ' ಬಾಯಿ. ಬೆಳಗಾವಿಯ ಗೊಂದಲ ಸಾವಿರ ಕಿಲೋಮೀಟರಿನ ಆಚೆ ಇನ್ನೊಂದು ಸಲ ನಡೆದಿದೆ.

ಬಾವಡಿಕಟ್ಟೆ

ಭಾಯಿ ಉಳಿಯಿತು. ಅದರದು ಸಲೀಸು: ಸಂಸ್ಕೃತ ಭ್ರಾತೃ, ಹಿಂದಿ ಭಾಈ. ಪಾರಸಿಯ ಬಿರಾದರ್, ಇಂಗ್ಲಿಷಿನ ಬ್ರದರ್ ದೊಡ್ಡಪ್ಪನ ಮಕ್ಕಳು. ತೊಂದರೆ ಉಚ್ಚಾರದ್ದು. ನಮ್ಮ ಕಡೆ ಆಡುಮಾತಿನಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ, 'ಭಾಯಿ ಎಲ್ಲಿ ಅದಾನ' ಎನ್ನುವುದು 'ಬಾಯಿ ಎಲ್ಲಿ ಅದಾನ' ಆಗುತ್ತದೆ. ಕ್ರಿಯಾಪದದ 'ಅದಾನ' ಕಾಪಾಡುತ್ತದೆ. ಬರೀ ಹೆಸರಿನ ಪಟ್ಟಿಯಲ್ಲಿ ಕ್ರಿಯಾಪದ ಇರುವುದಿಲ್ಲ, ಅಲ್ಲಿ ಗಂಡಸು ಹೆಂಗಸಾಗುತ್ತಾನೆ. ಇನ್ನು ಅತಿ ಶುದ್ಧ ಬರೆಯಲು ಹೋಗಿ 'ಬಾವಿ'ಯನ್ನು 'ಭಾವಿ' ಮಾಡುವವರು: ಭಾವಿ ಅಂದರೆ ಮುಂದೆ ಆಗುವಂಥದ್ದು. 'ತೆರೆದ ಭಾವಿ' ಎಂಬ ಫಲಕ ಓದಿದರೆ ಜ್ಯೋತಿಷ್ಯದ ಅಂಗಡಿ ಇರಬೇಕು ಅನಿಸುತ್ತದೆ.

ಹಿಂದಿಯಲ್ಲಿ ವಾಯು ಸವೆದು 'ಬಾಈ' ಆದದ್ದೂ ಉಂಟು, ವಾತದ ಬೇನೆ ಎಂಬ ಅರ್ಥದಲ್ಲಿ. ನಮ್ಮ ಕಡತಗಳಲ್ಲಿ ಅದು ಬರುವ ಸಂಭವ ಕಡಿಮೆ.

ಗಡಿನುಡಿ

ಮೂರನೇ ಪ್ರಶ್ನೆ, ಬರೆಯುವುದು ಹೇಗೆ? ಯಂತ್ರಕ್ಕೆ ಕೊಟ್ಟರೆ 'ಲಕ್ಷ್ಮೀಬೈ' ಬರುತ್ತಿದೆ.

ಅಕ್ಷರಜೋಡಣೆ, ಬೆಳಗಾವಿ

'ಬೈ' ಬರುವುದು ರೋಮನ್ ಅಕ್ಷರದ ಮೂಲಕ ಹೋದಾಗ. ಆ ಲಿಪಿಯಲ್ಲಿ ಬರೆದಾಗ ಆಕಾರದ ದೀರ್ಘ ಕಳೆದುಹೋಗುತ್ತದೆ, ಉಳಿದದ್ದನ್ನು ಯಂತ್ರ ಐಕಾರ ಎಂದು ಓದುತ್ತದೆ. 'ಗಂಗಾಬೈ' ಎಂದು ಅಚ್ಚಾದರೆ ಕನ್ನಡದಲ್ಲಿ ಅದು ಗಂಗಾಗೆ ಕೊಟ್ಟ ಅಪ್ಪಣೆ. ಅದಕ್ಕೇ ದೇವನಾಗರಿಯಿಂದ ನೇರ ಕನ್ನಡಕ್ಕೆ ಹೋಗಿ, ನಡುವೆ ರೋಮನ್ ಬೇಡ. ನೇರ ಹೋದರೂ ಯಂತ್ರ 'ಬಾಈ' ಕೊಡುತ್ತದೆ, ಏಕೆಂದರೆ ಅಲ್ಲಿ ಇರುವುದು ಮೂರು ಕೋಡ್‌ಪಾಯಿಂಟ್: ಬ, ಆಕಾರದ ಚಿಹ್ನೆ, ಬಿಡಿ ಈ. ಕನ್ನಡದ 'ಬಾಯಿ' ನಾಲ್ಕು: ಬ, ಆಕಾರದ ಚಿಹ್ನೆ, ಯ, ಇಕಾರದ ಚಿಹ್ನೆ. ಹುಡುಕಿದರೆ ಒಂದಕ್ಕೊಂದು ಸಿಗುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ. ಮೂಲದ ಹೆಸರನ್ನು ದೇವನಾಗರಿಯಲ್ಲೇ ಒಂದು ಕಾಲಮ್ಮಿನಲ್ಲಿ ಉಳಿಸಿ, ಅದನ್ನು ಮುಟ್ಟಬೇಡಿ. ಪಕ್ಕದ ಕಾಲಮ್ಮಿನಲ್ಲಿ ಹೆಸರಿನ ಕೊನೆಯ 'ಬಾಈ'ಯನ್ನು 'ಬಾಯಿ' ಎಂದೂ 'ಭಾಈ'ಯನ್ನು 'ಭಾಯಿ' ಎಂದೂ ಬದಲಿಸಿ, ಕೊನೆಯಲ್ಲಿ ಇದ್ದರೆ ಮಾತ್ರ. ಇಡೀ ಕಡತಕ್ಕೆ ಒಮ್ಮೆಲೇ ಬದಲಾವಣೆ ಕೊಟ್ಟರೆ ಹೊಲದ ಹೆಸರುಗಳೂ ಮಗುಚುತ್ತವೆ. ಲಕ್ಷ್ಮಿ, ಲಕ್ಷ್ಮೀ ಎರಡರಲ್ಲಿ ಒಂದನ್ನು ಆರಿಸಿ ಕೊನೆತನಕ ಅದನ್ನೇ ಹಿಡಿಯಿರಿ. ಆಮೇಲೆ ಲಿಂಗದ ಕಾಲಮ್ಮಿನೊಡನೆ ತಾಳೆ ಹಾಕಿ: ಬಾಯಿ ಇದ್ದು ಗಂಡು, ಭಾಯಿ ಇದ್ದು ಹೆಣ್ಣು ಎಂದಿರುವ ಸಾಲುಗಳನ್ನು ಕೈಯಿಂದ ನೋಡಿ. ತಪ್ಪಿನ ಹೆಚ್ಚು ಪಾಲು ಅಲ್ಲೇ ಸಿಗುತ್ತದೆ.

ಮೂಲ ಮೋಡಿ ಲಿಪಿಯಲ್ಲಿದ್ದರೆ (ಮರಾಠಿಯ ಹಳೇ ಕೂಡುಬರಹ) ಇನ್ನೆರಡು ಎಚ್ಚರ. ಮೋಡಿಯಲ್ಲಿ ಸಾಮಾನ್ಯವಾಗಿ ಇ, ಈ ಬೇರೆ ಮಾಡುವುದಿಲ್ಲ. ಮಾತುಗಳ ನಡುವೆ ಜಾಗವೂ ಬಿಡುವುದಿಲ್ಲ, ಮೇಲಿನ ಗೆರೆ ಮೊದಲೇ ಎಳೆದು ಅದರ ಕೆಳಗೆ ಸಾಲಾಗಿ ಬರೆಯುತ್ತಾರೆ. ಹಿಂದಿನ ಹೆಸರಿನ ಬಾಲ ಮುಂದಿನ ಮಾತಿಗೆ ಅಂಟುವುದು ಇದರಿಂದಲೇ.

ಗಡಿನುಡಿ

ಹೆಸರು ಬಗೆಹರಿಯಿತು. 'ಬಾಯಿ ಹೊಲ' ಎಂದಿದ್ದರೆ? ಬಾವಿ ಇರುವ ಹೊಲವೋ, ಯಾರೋ ಬಾಈಯ ಹೊಲವೋ?

ಟಿಳಕವಾಡಿ ಓದುಗ

ಅದೇ ಜಮೀನಿನ ಮರಾಠಿ ಕಾಗದ ತೆಗೆಸಿ. ಬಾವಡಿಕಟ್ಟೆಯವರು ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ: ಬಾವಿಯಾಗಿದ್ದರೆ ಮರಾಠಿಯಲ್ಲಿ ಬಹುಮಟ್ಟಿಗೆ 'ವಿಹೀರ' ಇರಬೇಕು. 'ಬಾಈ' ಇದ್ದರೆ ಹೆಂಗಸಿನದು, ಹಿಂದಿನ ಖಾತೆದಾರರಲ್ಲಿ ಒಬ್ಬಳಾದರೂ ಆ ಹೆಸರಿನವಳು ಸಿಗಬೇಕು.

ಮರಾಠಿ ಪ್ರತಿ ಇಲ್ಲದಿದ್ದರೆ ಆಕಾರದ (ಕಂದಾಯದ) ಕಾಲಮ್ ನೋಡಿ. ಬರೀ ಜಿರಾಯತ (ಮಳೆ ನಂಬಿದ ಭೂಮಿ) ಎಂದು ಹಿಂದಿನಿಂದ ನಡೆದು ಬಂದಿದ್ದರೆ ಬಾವಿಯ ಸಂಭವ ಕಡಿಮೆ. ಬಾಗಾಯತ (ನೀರಾವರಿ ಭೂಮಿ) ಇದ್ದು, ಅದರಲ್ಲೂ 'ಮೋಟಸ್ಥಳ' ಎಂದಿದ್ದರೆ ಚರ್ಮದ ಮೋಟಿನಿಂದ ನೀರೆತ್ತಿದ ಭೂಮಿ, ಬಾವಿ ಇತ್ತು ಎಂದು ಹಿಡಿಯಬಹುದು. 'ಪಾಟಸ್ಥಳ' ಎಂದಿದ್ದರೆ ನೀರು ಕಾಲುವೆಯದು, ಆಗ ಬಾವಿಯ ವಾದ ಅಷ್ಟು ಗಟ್ಟಿಯಲ್ಲ.

ಹಗೇವು

ಕಾಗದ ಎಲ್ಲಾ ಆದ ಮ್ಯಾಲ ಹೊಲದ ಮಗ್ಗಲದವ್ರನ್ನ ಒಂದ ಮಾತ ಕೇಳ್ರಿ, 'ಬಾಯಿ ಹೊಲ ಯಾವ ಕಡೆ' ಅಂತ ಅಲ್ಲ. 'ಅಲ್ಲಿ ನೀರ ಎಷ್ಟ ಅದಾವ' ಅಂತ ಕೇಳ್ರಿ. ಬಾವಿ ಇದ್ರ 'ಬಾವ್ಯಾಗ ಇಷ್ಟ ಅದಾವ' ಅಂತ ಅವರ ಬಾಯಿಲೇನ ಬರತದ. ನೀವಾಗೇ ಬಾವಿ ಅಂದ್ರ ಹೌದ್ರಿ ಅಂದಬಿಡತಾರ.

ಗಡಿನುಡಿ

ಹಾಗೇ ಮಾಡುತ್ತೇನೆ. ಮೋಟಸ್ಥಳ, ಪಾಟಸ್ಥಳ ಕಾಲಮ್ ಇರುವ ಸಾಲುಗಳನ್ನು ಮೊದಲು ಬೇರೆ ಮಾಡಿಕೊಳ್ಳುತ್ತೇನೆ, ಉಳಿದವಕ್ಕೆ ಆಮೇಲೆ ಹಳ್ಳಿ ಸುತ್ತೋಣ.